ಶಿಬಿರದ ಅಡುಗೆ: ಒಲೆ, ಗ್ರಿಲ್, ಸ್ಮೋಕರ್

ಬಯಲಿನಲ್ಲೋ ಕಾಡಿನಂಚಿನಲ್ಲೋ ಹಿಮದ ಮೇಲೋ ಬಿಡಾರ ಹೂಡಿದವರು ಅಡುಗೆಗೆಂದು ಹೊತ್ತೊಯ್ಯುವ ಅಥವಾ ಅಲ್ಲೇ ಕಟ್ಟಿಕೊಳ್ಳುವ ಉರಿಯ ಸಾಧನಗಳು ಮುಖ್ಯವಾಗಿ ಮೂರು ಬಗೆ. ಪಾತ್ರೆಯಿಟ್ಟು ಕುದಿಸುವುದಕ್ಕೆ ಒಲೆ ಅಥವಾ ಸ್ಟೌ. ಕೆಂಡದ ಮೇಲೆ ನೇರವಾಗಿ ಸುಡುವುದಕ್ಕೆ ಗ್ರಿಲ್. ಮುಚ್ಚಿದ ಗೂಡಿನಲ್ಲಿ ಹೊಗೆ ಮತ್ತು ಮಂದ ಶಾಖ ಕೊಟ್ಟು ಗಂಟೆಗಟ್ಟಲೆ ಬೇಯಿಸುವುದಕ್ಕೆ ಸ್ಮೋಕರ್. ಇವುಗಳ ನಡುವಿನ ಗಡಿ ಗಟ್ಟಿಯಾದುದಲ್ಲ. ಗ್ರಿಲ್ಲಿನ ಮುಚ್ಚಳ ಹಾಕಿದರೆ ಅದೇ ಸ್ಮೋಕರ್. ಸೌದೆ ಒಲೆಯ ಕೆಂಡವನ್ನು ಹರಡಿ ಮೇಲೊಂದು ಜಾಲರಿ ಇಟ್ಟರೆ ಅದೇ ಗ್ರಿಲ್. ಸೈನಿಕರು, ಕುರಿಗಾಹಿಗಳು, ಯಾತ್ರಿಕರು, ಧ್ರುವಪ್ರದೇಶದ ಅನ್ವೇಷಕರು ಮೊದಲು ಬಳಸಿದ ಈ ಸಾಧನಗಳು ಬರಿಯ ವಿಹಾರಕ್ಕೆ ಹೋಗುವವರ ಕೈಗೆ ಬಂದದ್ದು ಹೆಚ್ಚಾಗಿ 20ನೆಯ ಶತಮಾನದಲ್ಲಿ.

ಅಂಗಡಿಯಲ್ಲಿ ಇಂದು ನೂರಾರು ಮಾದರಿಗಳಿವೆ, ಪ್ರತಿಯೊಂದಕ್ಕೂ ಭಕ್ತರಿದ್ದಾರೆ. ಆದರೆ ಇವುಗಳ ಚರಿತ್ರೆಯನ್ನು ನೋಡಿದರೆ ಒಲೆಯ ರೂಪವನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಇಂಧನವೇ. ಆಯಾ ಜಾಗದಲ್ಲಿ ಏನು ಸಿಗುತ್ತಿತ್ತೋ ಅದಕ್ಕೆ ತಕ್ಕ ಒಲೆ ಹುಟ್ಟಿತು. ಅದು ಸಿಗದ ಜಾಗಕ್ಕೆ ಹೋದಾಗ ಅದೇ ಒಲೆ ಹೊರೆಯಾಯಿತು.

ಇಂಧನದ ಲೆಕ್ಕ

ಒಂದು ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಹಂತಕ್ಕೆ ತರಲು ಸುಮಾರು 335 ಕಿಲೋಜೌಲ್ ಶಾಖ ಬೇಕು. ಒಂದು ಗ್ರಾಂ ಅಡುಗೆ ಅನಿಲದಲ್ಲಿ ಸುಮಾರು 46 ಕಿಲೋಜೌಲ್, ಸೀಮೆಎಣ್ಣೆಯಲ್ಲಿ 43, ಒಳ್ಳೆಯ ಇದ್ದಿಲಿನಲ್ಲಿ 30, ಸ್ಪಿರಿಟ್ಟಿನಲ್ಲಿ 27, ಒಣಸೌದೆಯಲ್ಲಿ 16ರ ಆಸುಪಾಸು ಶಕ್ತಿ ಅಡಗಿದೆ. ಉರಿದ ಶಾಖವೆಲ್ಲ ಪಾತ್ರೆಗೆ ಸೇರುವುದಿಲ್ಲ. ಅರ್ಧ ಸೇರಿತೆಂದುಕೊಂಡರೂ ಲೀಟರಿಗೆ 15 ಗ್ರಾಂ ಅನಿಲ ಅಥವಾ 25ರಿಂದ 30 ಗ್ರಾಂ ಸ್ಪಿರಿಟ್ ಸಾಕು. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ 10ರಿಂದ 15 ಪಾಲು ಮಾತ್ರ. ಹಾಗಾಗಿ ಅದೇ ನೀರಿಗೆ 140ರಿಂದ 200 ಗ್ರಾಂ ಸೌದೆ ಬೇಕಾಗುತ್ತದೆ. ಸೌದೆ ಕಾಲಬುಡದಲ್ಲೇ ಬಿದ್ದಿದ್ದರೆ ಇದು ಚಿಂತೆಯ ವಿಷಯವಲ್ಲ. ಬೆನ್ನ ಮೇಲೆ ಹೊರಬೇಕಾದರೆ ಎಲ್ಲವೂ ಇದರ ಮೇಲೇ ನಿಂತಿದೆ.

ಹಿಮಪ್ರದೇಶದಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಒಂದು ಕಿಲೋ ಹಿಮವನ್ನು ಬರಿದೆ ಕರಗಿಸಲು ತಗಲುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು. ಅಂದರೆ ಹಿಮದಿಂದ ಚಹಾ ಮಾಡುವವನು ಹೆಚ್ಚುಕಡಿಮೆ ಎರಡು ಪಾಲು ಇಂಧನ ಹೊರಬೇಕು.

ಮೂರು ಕಲ್ಲು, ಎರಕದ ಮಡಕೆ

ಅತಿ ಹಳೆಯ ಶಿಬಿರದ ಒಲೆ ಮೂರು ಕಲ್ಲಿನದು, ಇನ್ನೂ ಬಳಕೆಯಲ್ಲಿದೆ. ದಖ್ಖನಿನ ಬಯಲಿನಲ್ಲಿ ಕುರಿಮಂದೆಯೊಂದಿಗೆ ಊರೂರು ತಿರುಗುವ ಕುರುಬರ ಬಿಡಾರದಲ್ಲೂ ಅದೇ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬಂದು ಗಾಡಿಯ ಬದಿಯಲ್ಲೇ ಹೋಳಿಗೆ, ಕಡುಬು ಮಾಡುವ ಭಕ್ತರಲ್ಲೂ ಅದೇ. ಹೊರುವ ಭಾರವಿಲ್ಲ, ಕೆಡುವ ಭಾಗವಿಲ್ಲ, ಎಷ್ಟು ದೊಡ್ಡ ಪಾತ್ರೆಯಾದರೂ ಕೂರುತ್ತದೆ. ಹೊಳೆಯ ಪಾತ್ರದಿಂದ ಹೆಕ್ಕಿದ ನೀರು ಕುಡಿದ ಕಲ್ಲನ್ನು ಮಾತ್ರ ಇಡಬಾರದು; ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯುತ್ತದೆ.

ತೆರೆದ ಉರಿಗೆ ತಕ್ಕ ಪಾತ್ರೆಯೆಂದರೆ ಎರಕದ ಕಬ್ಬಿಣದ್ದು. ಮರಳಿನ ಅಚ್ಚಿನಲ್ಲಿ ಕಬ್ಬಿಣದ ಮಡಕೆ ಎರೆಯುವ ವಿಧಾನಕ್ಕೆ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಹಕ್ಕುಪತ್ರ ಪಡೆದ. ಅಮೆರಿಕದಲ್ಲಿ ಇದು ಡಚ್ ಅವನ್ ಆಗಿ ಬೆಳೆಯಿತು: ಮೂರು ಗಿಡ್ಡ ಕಾಲು, ಕೆಂಡ ಜಾರದಂತೆ ಅಂಚು ಎತ್ತಿದ ಚಪ್ಪಟೆ ಮುಚ್ಚಳ. ಟೆಕ್ಸಾಸ್‌ನ ದನಗಾಹಿ ಚಾರ್ಲ್ಸ್ ಗುಡ್‌ನೈಟ್ 1866ರಲ್ಲಿ ರೂಪಿಸಿದ ಅಡುಗೆ ಗಾಡಿಗಳಲ್ಲಿ ಇದಕ್ಕೆ ಖಾಯಂ ಜಾಗವಿತ್ತು. ಯೂಟಾ ರಾಜ್ಯ 1997ರಲ್ಲಿ ಇದನ್ನು ತನ್ನ ಅಧಿಕೃತ ಪಾತ್ರೆಯೆಂದೇ ಘೋಷಿಸಿತು. ಆಸ್ಟ್ರೇಲಿಯದಲ್ಲಿ ಇದರ ಹೆಸರು ಕ್ಯಾಂಪ್ ಅವನ್; ದಕ್ಷಿಣ ಆಫ್ರಿಕದಲ್ಲಿ ಹೊಟ್ಟೆ ದುಂಡಾದ ಪೊಯ್ಕಿ. ಮುಚ್ಚಳದ ಮೇಲೂ ಕೆಂಡ ಹರಡುವುದರಿಂದ ರೊಟ್ಟಿ, ಬ್ರೆಡ್, ಕೇಕ್‌ಗಳನ್ನು ಬಯಲಿನಲ್ಲೇ ಬೇಯಿಸಬಹುದು. 12 ಅಂಗುಲದ ಪಾತ್ರೆಗೆ 24 ಇದ್ದಿಲು ಉಂಡೆ, ಅದರಲ್ಲಿ 16 ಮೇಲೆ, 8 ಕೆಳಗೆ: ಇಷ್ಟಿಟ್ಟರೆ ಒಳಗೆ ಸುಮಾರು 175 ಡಿಗ್ರಿ ಶಾಖ ನಿಲ್ಲುತ್ತದೆಂಬುದು ಬಳಸುವವರ ರೂಢಿಯ ಲೆಕ್ಕ. ಭಾರವೇ ಇದರ ದೋಷ. ಗಾಡಿ ಹೋಗುವ ಶಿಬಿರಕ್ಕೆ ಮಾತ್ರ ಇದು ಸರಿ.

ಪಂಪ್ ಸ್ಟೌ

ಶಿಬಿರದ ಅಡುಗೆಯನ್ನು ಸೌದೆಯ ಹಂಗಿನಿಂದ ಬಿಡಿಸಿದ್ದು ಸೀಮೆಎಣ್ಣೆ. ಬತ್ತಿಯಿಲ್ಲದೆ, ಮಸಿಯಿಲ್ಲದೆ ಅದನ್ನು ಉರಿಸುವ ಸ್ಟೌವನ್ನು ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರ ಹೊತ್ತಿಗೆ ಮಾರುಕಟ್ಟೆಗೆ ತಂದ. ಹೆಸರು ಪ್ರೈಮಸ್. ಹಿತ್ತಾಳೆಯ ಟ್ಯಾಂಕಿನಲ್ಲಿ ಎಣ್ಣೆ, ಪಕ್ಕದಲ್ಲಿ ಕೈಪಂಪು. ಬರ್ನರಿನ ಬುಡದ ಬಟ್ಟಲಲ್ಲಿ ಮೊದಲು ಸ್ವಲ್ಪ ಸ್ಪಿರಿಟ್ ಸುರಿದು ಹಚ್ಚಿ ಕೊಳವೆಯನ್ನು ಕಾಯಿಸುತ್ತಾರೆ. ಪಂಪು ಹೊಡೆದಾಗ ಗಾಳಿಯ ಒತ್ತಡಕ್ಕೆ ಮೇಲೇರಿದ ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಂದಿಗೆ ಬೆರೆತು ನೀಲಿಯಾಗಿ ಉರಿಯುತ್ತದೆ. ಮುಂದೆ ಆ ಉರಿಯೇ ಕೊಳವೆಯನ್ನು ಕಾಯಿಸಿಡುತ್ತದೆ. ಕೊಳವೆ ಸಾಕಷ್ಟು ಕಾಯುವ ಮುನ್ನ ಪಂಪು ಹೊಡೆದರೆ ಹಳದಿ ಜ್ವಾಲೆ ಎದ್ದು ಪಾತ್ರೆಯೆಲ್ಲ ಮಸಿ. ರಂಧ್ರಕ್ಕೆ ಕಸ ಕಟ್ಟಿದರೆ ತಗಡಿನ ತುದಿಯ ಸಣ್ಣ ಪಿನ್ನು ಹಾಕಿ ಬಿಡಿಸಬೇಕು. ಗ್ಯಾಸ್ ಬರುವ ಮುನ್ನ ನಮ್ಮ ಪಟ್ಟಣಗಳ ಅಡುಗೆಮನೆಗಳಲ್ಲಿ ಭೋರ್ಗರೆಯುತ್ತಿದ್ದ ಸ್ಟೌ ಇದರ ಸಂತತಿಯೇ. ಯಾವ ಕಂಪನಿಯದಾದರೂ ಅದಕ್ಕೆ ಪ್ರೈಮಸ್ ಎನ್ನುವವರಿದ್ದರು.

ನಾರ್ವೆಯ ಫ್ರಿಡ್‌ಯೋಫ್ ನಾನ್ಸೆನ್ 1888ರಲ್ಲಿ ಗ್ರೀನ್‌ಲ್ಯಾಂಡ್ ದಾಟಿದಾಗ ಅವನ ಬಳಿ ಇದ್ದದ್ದು ಸ್ಪಿರಿಟ್ ಒಲೆ. 1893ರಲ್ಲಿ ಫ್ರಾಮ್ ಹಡಗಿನಲ್ಲಿ ಉತ್ತರಕ್ಕೆ ಹೊರಟಾಗ ಪ್ರೈಮಸ್ ಒಯ್ದ. ಅದರ ಸುತ್ತ ಒಂದರೊಳಗೊಂದು ಕೂರುವ ಪಾತ್ರೆಗಳನ್ನು ಅಳವಡಿಸಿ, ಒಳಪಾತ್ರೆಯಲ್ಲಿ ಊಟ ಬೇಯುವಾಗ ಪಕ್ಕಕ್ಕೆ ಹರಿಯುವ ಶಾಖದಿಂದ ಹೊರಪಾತ್ರೆಯ ಹಿಮ ಕರಗುವಂತೆ ಮಾಡಿದ. ಮುಂದೆ ಧ್ರುವಯಾತ್ರೆಗಳಲ್ಲಿ ಈ ಜೋಡಣೆ ನಾನ್ಸೆನ್ ಕುಕ್ಕರ್ ಎಂಬ ಹೆಸರಿನಲ್ಲೇ ಉಳಿಯಿತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ ತಂಡದ ಬಳಿಯೂ ಪ್ರೈಮಸ್ ಇತ್ತು. ಬೆಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು 1897ರಲ್ಲಿ ಕಾಣೆಯಾದ ಸ್ವೀಡನ್ನಿನ ಆಂಡ್ರೆ ತಂಡದ ಕೊನೆಯ ಬಿಡಾರ 1930ರಲ್ಲಿ ಹಿಮದ್ವೀಪವೊಂದರಲ್ಲಿ ಸಿಕ್ಕಿತು. ಅಲ್ಲಿದ್ದ ಪ್ರೈಮಸ್ 33 ವರ್ಷಗಳ ನಂತರವೂ ಹೊತ್ತಿಕೊಂಡಿತು.

ಒಲೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಎವರೆಸ್ಟಿನ ಚರಿತ್ರೆಯೇ ಸಾಕ್ಷಿ. 1952ರ ಮೇ ತಿಂಗಳಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ನೋರ್ಗೆ ಸುಮಾರು 8400 ಮೀಟರ್ ಎತ್ತರದಲ್ಲಿ ಸ್ಟೌ ಇಲ್ಲದೆ, ಮಲಗುಚೀಲವಿಲ್ಲದೆ ರಾತ್ರಿ ಕಳೆದರು. ಮೇಣದ ಬತ್ತಿಯಲ್ಲಿ ಹಿಮ ಕರಗಿಸಿಕೊಂಡು ಗುಟುಕು ನೀರು ಕುಡಿದರು, ಮರುದಿನ ಶಿಖರ ಮುಟ್ಟಲಾಗದೆ ಹಿಂತಿರುಗಿದರು. ಆಮ್ಲಜನಕದ ಉಪಕರಣ ಸರಿಯಾಗಿ ಕೆಲಸ ಮಾಡದ್ದೂ ಒಂದು ಕಾರಣ. ಮರುವರ್ಷ ಹಿಲರಿಯೊಂದಿಗೆ ಹೋದ ತೇನ್‌ಸಿಂಗ್ ಕೊನೆಯ ಬಿಡಾರದಲ್ಲಿ ಸ್ಟೌ ಹಚ್ಚಿ ಹೊಟ್ಟೆತುಂಬ ಬಿಸಿಪಾನೀಯ ಕುಡಿದೇ ಮೇಲೇರಿದ. ಎತ್ತರದಲ್ಲಿ ಸ್ಟೌ ಎಂದರೆ ಊಟಕ್ಕಿಂತ ಮೊದಲು ನೀರು.

ಅಮೆರಿಕದಲ್ಲಿ ಪಂಪ್ ಸ್ಟೌ ಪೆಟ್ರೋಲಿನ ಕಡೆ ತಿರುಗಿತು. ಕಾನ್ಸಾಸ್‌ನ ವಿಚಿಟಾದಲ್ಲಿ ದೀಪ ಮಾಡುತ್ತಿದ್ದ ಕೋಲ್ಮನ್ ಕಂಪನಿ 1923ರಲ್ಲಿ ಮಡಚಬಲ್ಲ ಶಿಬಿರದ ಸ್ಟೌ ಹೊರತಂದಿತು. ಕಾರಿನಲ್ಲಿ ಊರು ಸುತ್ತುವ ಹವ್ಯಾಸ ಹಬ್ಬುತ್ತಿದ್ದ ಕಾಲವದು. ಎರಡನೆಯ ಮಹಾಯುದ್ಧದಲ್ಲಿ ಅದೇ ಕಂಪನಿ ಸೈನಿಕರಿಗಾಗಿ ಚೀಲದಲ್ಲಿ ಹಿಡಿಸುವ ಪುಟ್ಟ ಸ್ಟೌ ಮಾಡಿಕೊಟ್ಟಿತು. ಸ್ವೀಡನ್ನಿನ ಸ್ವೇಯಾ 123 (1955) ಪಂಪನ್ನೇ ಕೈಬಿಟ್ಟು ಉರಿಯ ಶಾಖದಿಂದಲೇ ಟ್ಯಾಂಕಿನಲ್ಲಿ ಒತ್ತಡ ಹುಟ್ಟಿಸಿತು. ಹಿತ್ತಾಳೆಯ ಈ ಮಾದರಿಯನ್ನು ಇಂದಿಗೂ ಉಜ್ಜಿ ಹೊಳೆಯಿಸಿ ಇಟ್ಟುಕೊಳ್ಳುವವರಿದ್ದಾರೆ. ನಿಜವಾದ ಬದಲಾವಣೆ 1973ರದು. ಸಿಯಾಟಲ್‌ನ ಲ್ಯಾರಿ ಪೆನ್‌ಬರ್ದಿ ತನ್ನ ಎಂಎಸ್‌ಆರ್ ಕಂಪನಿಯಿಂದ ತಂದ ಸ್ಟೌನಲ್ಲಿ ಟ್ಯಾಂಕೇ ಇರಲಿಲ್ಲ. ಇಂಧನದ ಬಾಟಲಿಗೇ ಪಂಪು ಸಿಕ್ಕಿಸಿ, ಅಲ್ಲಿಂದ ದೂರದ ಬರ್ನರಿಗೆ ಕೊಳವೆ ಎಳೆದ. ಬೆಟ್ಟ ಹತ್ತುವವರು ಸಾಕಷ್ಟು ನೀರು ಕುಡಿಯದೆ ಎತ್ತರದ ಕಾಯಿಲೆಗೆ ಬೀಳುತ್ತಾರೆಂಬುದು ಅವನ ವಾದ. ಹಿಮ ಬೇಗ ಕರಗಲೆಂದೇ ಈ ಸ್ಟೌ ಮಾಡಿದ. ಬಾಟಲಿ ಉರಿಯಿಂದ ದೂರವಿರುವುದರಿಂದ ಸುತ್ತ ಗಾಳಿತಡೆ ಕಟ್ಟಬಹುದು, ದೊಡ್ಡ ಪಾತ್ರೆ ಇಡಬಹುದು. ಇಂದಿನ ದ್ರವ ಇಂಧನದ ಪರ್ವತ ಸ್ಟೌಗಳ ಮೇಲ್ಪಂಕ್ತಿ ಇದೇ.

ಸ್ಪಿರಿಟ್, ಗುಳಿಗೆ, ಗ್ಯಾಸ್

ಸ್ಪಿರಿಟ್ ಒಲೆಯಲ್ಲಿ ಕೆಡಲು ಏನೂ ಇಲ್ಲ. 1925ರಲ್ಲಿ ಆರಂಭವಾದ ಸ್ವೀಡನ್ನಿನ ಟ್ರಾಂಗಿಯಾ ಕಂಪನಿ 1951ರಲ್ಲಿ ತಂದ ಬಿರುಗಾಳಿ ಒಲೆಯಲ್ಲಿ ಹಿತ್ತಾಳೆ ಬಟ್ಟಲು, ಅದರ ಸುತ್ತ ಗಾಳಿತಡೆ, ಒಳಗೆ ಕೂರುವ ಪಾತ್ರೆಗಳು, ಇಷ್ಟೆ. ಸದ್ದಿಲ್ಲ. ಶಾಖ ಕಡಿಮೆ, ತಾಳ್ಮೆ ಬೇಕು. ಹಗಲಿನಲ್ಲಿ ಇದರ ಜ್ವಾಲೆ ಕಣ್ಣಿಗೆ ಕಾಣದು. ಆರಿತೆಂದು ತಿಳಿದು ಮತ್ತೆ ಸ್ಪಿರಿಟ್ ಸುರಿದವರು ಕೈ ಸುಟ್ಟುಕೊಂಡಿದ್ದಾರೆ. ಜರ್ಮನಿಯ ಎಸ್ಬಿಟ್ (1936) ಹೆಕ್ಸಮೀನ್ ಗುಳಿಗೆಯ ಒಲೆ. ಜೇಬಿನಲ್ಲಿ ಹಿಡಿಸುತ್ತದೆ, ಪಾತ್ರೆಯ ತಳಕ್ಕೆ ಅಂಟು ಬಳಿಯುತ್ತದೆ, ವಾಸನೆ ಕೆಟ್ಟದ್ದು. ಸೇನೆಗಳಿಗೆ ಅದು ಒಗ್ಗಿತು.

ಗ್ಯಾಸ್ ಕ್ಯಾನಿಸ್ಟರಿನ ಜಮಾನ ಫ್ರಾನ್ಸಿನಲ್ಲಿ ಶುರುವಾಯಿತು. 1949ರಲ್ಲಿ ಹುಟ್ಟಿದ ಕ್ಯಾಂಪಿಂಗ್ ಗ್ಯಾಜ್ ಕಂಪನಿಯ ನೀಲಿ ಡಬ್ಬಿಗಳು ಯುರೋಪಿನಾದ್ಯಂತ ಹರಡಿದವು. ಜಪಾನಿನ ಇವಾತಾನಿ 1969ರಲ್ಲಿ ತಂದ ಚಪ್ಪಟೆ ಮೇಜಿನ ಸ್ಟೌ ಏಷ್ಯದ ಮನೆಗಳಿಗೂ ಶಿಬಿರಗಳಿಗೂ ಹೊಕ್ಕಿತು. ಉದ್ದನೆಯ ಡಬ್ಬಿಯನ್ನು ಪಕ್ಕದಿಂದ ತೂರಿಸುವ ಆ ಮಾದರಿ ಕರ್ನಾಟಕದ ಕಾರುಪ್ರವಾಸಿಗರಲ್ಲೂ ಈಗ ಸಾಮಾನ್ಯ. ಬೆನ್ನುಚೀಲದವರ ಆಯ್ಕೆ ತಿರುಪಿ ಕೂರಿಸುವ ಗುಂಡನೆಯ ಕ್ಯಾನಿಸ್ಟರ್. ಹಚ್ಚುವುದು ಸುಲಭ, ಉರಿ ಏರಿಳಿಸುವುದು ಸುಲಭ, 230 ಗ್ರಾಮಿನ ಒಂದು ಡಬ್ಬಿಯಲ್ಲಿ ಗಾಳಿಯಿಲ್ಲದ ಕಡೆ ಹತ್ತು ಹದಿನೈದು ಲೀಟರ್ ನೀರು ಕುದಿಯುತ್ತದೆ.

ಚಳಿ ಇದರ ಶತ್ರು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರದಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೊಬ್ಯೂಟೇನ್ ಸುಮಾರು -12ರವರೆಗೆ, ಪ್ರೊಪೇನ್ -42ರವರೆಗೆ ಆವಿಯಾಗುತ್ತದೆ. ಮೂರನ್ನೂ ಬೆರೆಸಿದ ಡಬ್ಬಿಯಲ್ಲಿ ಪ್ರೊಪೇನ್ ಮೊದಲು ಖಾಲಿಯಾಗಿ, ಕೊನೆಯ ಪಾಲು ಮಂಕಾಗಿ ಉಳಿಯುತ್ತದೆ. ರಾತ್ರಿ ಡಬ್ಬಿಯನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳುವ ರೂಢಿ ಹುಟ್ಟಿದ್ದು ಇದರಿಂದ. ಬರ್ನರಿನ ಕೆಳಗೇ ಡಬ್ಬಿ ಇರುವ ಸ್ಟೌವನ್ನು ಸುತ್ತಲೂ ತಗಡಿನಿಂದ ಮುಚ್ಚಬಾರದು. ಕಾದ ಡಬ್ಬಿ ಸ್ಫೋಟಿಸಬಹುದು.

2004ರಲ್ಲಿ ಅಮೆರಿಕದ ಜೆಟ್‌ಬಾಯ್ಲ್ ಪಾತ್ರೆಯ ತಳಕ್ಕೆ ಲೋಹದ ರೆಕ್ಕೆಗಳನ್ನು ಅಂಟಿಸಿ, ಬರ್ನರನ್ನೂ ಪಾತ್ರೆಯನ್ನೂ ಒಂದೇ ಘಟಕ ಮಾಡಿತು. ಇಂಧನ ಗಣನೀಯವಾಗಿ ಉಳಿಯುತ್ತದೆ. ಆದರೆ ಇದು ನೀರು ಕಾಯಿಸುವ ಯಂತ್ರ, ಅಡುಗೆಯದಲ್ಲ. ಒಣಗಿಸಿದ ಊಟದ ಪೊಟ್ಟಣಕ್ಕೆ ಬಿಸಿನೀರು ಸುರಿದು ಉಣ್ಣುವವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅನ್ನ ಸಾರು ಬೇಕೆನ್ನುವವರು ಅದರ ಕಿರಿದಾದ ಪಾತ್ರೆಯಲ್ಲಿ ತಳ ಹತ್ತಿಸಿಕೊಳ್ಳುತ್ತಾರೆ. ಮೈಸೂರಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ ಸಿದ್ಧ ಊಟದ ಪೊಟ್ಟಣಗಳ ಹಿಂದೆಯೂ ಇದೇ ತರ್ಕವಿದೆ: ಬೇಯಿಸುವ ಕೆಲಸ ಕಾರ್ಖಾನೆಯಲ್ಲಿ, ಬಿಸಿ ಮಾಡುವುದಷ್ಟೇ ಗಡಿಯಲ್ಲಿ. ಎತ್ತರದಲ್ಲಿ ಇದು ಅನಿವಾರ್ಯವೂ ಹೌದು. 3500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಬೇಳೆ ಬೇಯಿಸಲು ಅಲ್ಲಿನ ಚಾರಣದ ಅಡುಗೆಯವರು ಪ್ರೆಶರ್ ಕುಕ್ಕರನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡೇ ಹೊರಡುತ್ತಾರೆ.

ಸೌದೆ ಮತ್ತೆ ಬಂದದ್ದು

1980ರ ದಶಕದಲ್ಲಿ ಸೌದೆ ಒಲೆಗೆ ಎರಡನೆಯ ಜನ್ಮ ಬಂತು, ಅದೂ ಶಿಬಿರಕ್ಕಾಗಿ ಅಲ್ಲ, ಬಡವರ ಅಡುಗೆಮನೆಗಾಗಿ. ಅಮೆರಿಕದ ಓರೆಗಾನ್‌ನಲ್ಲಿ ಲ್ಯಾರಿ ವಿನಿಯಾರ್ಸ್ಕಿ ರಾಕೆಟ್ ಒಲೆಯ ಸೂತ್ರಗಳನ್ನು ರೂಪಿಸಿದ. ಅಡ್ಡಗೊಳವೆಯಲ್ಲಿ ತೆಳು ಪುಳ್ಳೆ, ಅದರಿಂದ ನೆಟ್ಟಗೆ ಏಳುವ ಕೊಳವೆಯಲ್ಲಿ ಉರಿ, ಸುತ್ತ ಶಾಖ ತಡೆಯುವ ಹೊದಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಅದು ನೆಲಕ್ಕೆ ಕಟ್ಟಿದ ಮನೆಯ ಒಲೆ, ಹೊರುವಂಥದ್ದಲ್ಲ. ಅದೇ ಸಂಸ್ಥೆಯ ದಹನ ವಿಜ್ಞಾನಿಗಳು 2000ರ ದಶಕದ ಮಧ್ಯದಲ್ಲಿ ಬಿಪಿ ಕಂಪನಿಯೊಡನೆ ರೂಪಿಸಿದ ಊರ್ಜಾ ಒಲೆ ಮಾತ್ರ ಶಿಬಿರದ ಒಲೆಗಳ ಹತ್ತಿರದ ಬಂಧು. ಕೃಷಿತ್ಯಾಜ್ಯದ ಗುಳಿಗೆಯನ್ನು ತುಂಬಿ ಮೇಲಿನಿಂದ ಹಚ್ಚುತ್ತಾರೆ. ಬುಡದ ಪುಟ್ಟ ಫ್ಯಾನು ಗಾಳಿ ಊದುತ್ತದೆ. ಕಾದ ಗುಳಿಗೆಯಿಂದ ಹೊರಟ ಅನಿಲ ಮೇಲ್ಭಾಗದ ತೂತುಗಳ ಬಳಿ ಎರಡನೆಯ ಸಲ ಗಾಳಿ ಸೇರಿ ಪೂರ್ತಿ ಉರಿಯುತ್ತದೆ. ಹೊಗೆ ಎನ್ನುವುದು ಉರಿಯದೆ ಉಳಿದ ಇಂಧನ ಎಂಬ ಸರಳ ಸಂಗತಿಯೇ ಇದರ ಆಧಾರ. ವಿಹಾರಿಗರಿಗೆಂದು ಮಾರುವ ಎರಡು ಪದರದ ಸ್ಟೀಲ್ ಡಬ್ಬಿ ಒಲೆಗಳು ಫ್ಯಾನಿಲ್ಲದೆ ಇದನ್ನೇ ಮಾಡುತ್ತವೆ. 2012ರಲ್ಲಿ ಬಂದ ಬಯೋಲೈಟ್ ಉರಿಯ ಶಾಖದಿಂದಲೇ ವಿದ್ಯುತ್ ಹುಟ್ಟಿಸಿ ಫ್ಯಾನನ್ನು ತಿರುಗಿಸುತ್ತದೆ, ಮಿಕ್ಕಿದ್ದರಲ್ಲಿ ಮೊಬೈಲಿಗೆ ಚಾರ್ಜು. ಮಲೆನಾಡಿನ ಮಳೆಗಾಲದಲ್ಲಿ ಇವು ಯಾವುವೂ ನಂಬಿಕಸ್ಥವಲ್ಲ. ಹಸಿ ಪುಳ್ಳೆ ಯಾವ ಒಲೆಯಲ್ಲೂ ಹೊಗೆಯಾಡುತ್ತದೆ.

ಗ್ರಿಲ್

ಕೆಂಡದ ಅಡುಗೆಗೆ ಜ್ವಾಲೆ ಬೇಡ. ಇದ್ದಿಲು ಪೂರ್ತಿ ಹೊತ್ತಿ ಮೇಲೆ ಬೂದಿ ಕವಿದ ಮೇಲೆ ಸೂಸುವ ಕಾವೇ ಕೆಲಸ ಮಾಡುವುದು. ಆಹಾರದ ಮೈ 140 ಡಿಗ್ರಿ ದಾಟಿದಾಗ ಸಕ್ಕರೆ ಮತ್ತು ಪ್ರೋಟೀನು ಸೇರಿ ಕಂದುಬಣ್ಣ, ಘಮ ಹುಟ್ಟುತ್ತವೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಉದುರಿಸಿ ತಿನ್ನುವ ಸೀತನಿಗೆ ಜಾಲರಿಯೂ ಬೇಕಿಲ್ಲ. ಗ್ರಿಲ್ಲಿನ ಬಗ್ಗೆ ಬರೆದದ್ದೆಲ್ಲ ಮಾಂಸದ ಸುತ್ತಲೇ ಸುತ್ತುತ್ತದಾದರೂ, ಕೆಂಡದ ಹದವನ್ನು ಪರೀಕ್ಷಿಸಲು ಗೊಜ್ಜಿಗೆಂದು ಇಟ್ಟ ಬದನೆಕಾಯಿಗಿಂತ ಒಳ್ಳೆಯ ಸಾಧನವಿಲ್ಲ.

ಜಪಾನಿನ ಶಿಚಿರಿನ್ ಒಲೆ ಅಂಗೈ ಅಗಲದ ಜಾಗದಲ್ಲಿ ಕೆಂಡದ ಅಡುಗೆಯನ್ನು ಪರಿಪೂರ್ಣಗೊಳಿಸಿದೆ. ನೋಟೊ ಪರ್ಯಾಯದ್ವೀಪದಲ್ಲಿ ಸಿಗುವ ಡಯಾಟಮ್ ಮಣ್ಣಿನ ಹೆಂಟೆಯನ್ನೇ ಕೆತ್ತಿ ಮಾಡುವ ಒಲೆ ಬಲು ಹಗುರ. ಒಳಗೆ ಕೆಂಡ ನಿಗಿನಿಗಿ ಎನ್ನುತ್ತಿದ್ದರೂ ಹೊರಮೈಗೆ ಅಷ್ಟು ಕಾವು ಹಾಯುವುದಿಲ್ಲ. ಅದಕ್ಕೆ ಜೊತೆ ವಾಕಾಯಾಮಾದ ಬಿಂಚೋತಾನ್ ಇದ್ದಿಲು, ಗಟ್ಟಿ ಓಕ್ ಮರದ್ದು. ಕೊನೆಯಲ್ಲಿ 1000 ಡಿಗ್ರಿ ದಾಟಿಸಿ ಸುಡುವುದರಿಂದ ಹೊಗೆಯಿಲ್ಲದೆ ಗಂಟೆಗಟ್ಟಲೆ ಉರಿಯುತ್ತದೆ, ತಟ್ಟಿದರೆ ಲೋಹದ ಸದ್ದು. ನಮ್ಮ ಅಗ್ಗಿಷ್ಟಿಕೆ ಶಿಚಿರಿನ್ ಒಲೆಯ ದೂರದ ದಾಯಾದಿ.

ಅಮೆರಿಕದ ಇದ್ದಿಲು ಉಂಡೆಯ ಹಿಂದೆ ಕಾರು ಕಾರ್ಖಾನೆಯಿದೆ. ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರಿನ ಮರದ ಭಾಗಗಳಿಂದ ಉಳಿದ ಚೂರುಗಳನ್ನು 1920ರ ದಶಕದಲ್ಲಿ ಇದ್ದಿಲು ಮಾಡಿಸಿ, ಪಿಷ್ಟ ಬೆರೆಸಿ ಒತ್ತಿಸಿ, ತನ್ನ ಕಾರಿನ ಅಂಗಡಿಗಳಲ್ಲೇ ಮಾರಿದ. ಚಿಕಾಗೋದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ನೀರಿನ ಮೇಲೆ ತೇಲಿಬಿಡುವ ಗುಂಡು ಬೋಯೆಯನ್ನು ಎರಡು ಹೋಳು ಮಾಡಿ ಮುಚ್ಚಳದ ಗ್ರಿಲ್ ಮಾಡಿದ. ಮೇಲೊಂದು, ಕೆಳಗೊಂದು ಗಾಳಿಕಿಂಡಿ. ಅವನ್ನು ತೆರೆದು ಮುಚ್ಚಿ ಶಾಖವನ್ನು ಹಿಡಿತದಲ್ಲಿಡಬಹುದು. ಇದರ 14 ಅಂಗುಲದ ಪುಟ್ಟ ರೂಪ ಸ್ಮೋಕಿ ಜೋ ಶಿಬಿರಗಳಿಗೆ ಹೇಳಿಮಾಡಿಸಿದ್ದು. ದಕ್ಷಿಣ ಆಫ್ರಿಕದ ಕೆಂಡದೂಟದ ಕೂಟವಾದ ಬ್ರಾಯ್‌ಗೆ ಗ್ಯಾಸ್ ಗ್ರಿಲ್ ತರುವುದು ಅಲ್ಲಿ ಅಪಚಾರಕ್ಕೆ ಸಮ. ಸೌದೆ ಉರಿದು ಕೆಂಡವಾಗುವವರೆಗೆ ಕೂತು ಹರಟುವುದೂ ಊಟದ ಭಾಗ. ಸೆಪ್ಟೆಂಬರ್ 24ರ ಪರಂಪರೆ ದಿನವನ್ನು ಅಲ್ಲಿ ಬಹಳ ಮಂದಿ ಬ್ರಾಯ್ ದಿನವೆಂದೇ ಆಚರಿಸುತ್ತಾರೆ. ನೇಗಿಲಿನ ಹಳೆಯ ತಟ್ಟೆಗೆ ಕಾಲು ಹಚ್ಚಿ ಬಾಣಲೆ ಮಾಡಿಕೊಂಡ ಅಲ್ಲಿನ ರೈತರ ಸ್ಕಾಟ್ಟಲ್ ಇಂದು ಅಮೆರಿಕದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಬಿಕರಿಯಾಗುತ್ತಿದೆ.

ಸ್ಮೋಕರ್

ಹೊಗೆಯಾಡಿಸುವುದು ಮೂಲತಃ ಕೆಡದಂತೆ ಇಡುವ ಉಪಾಯ. ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ತೂಗಿಸಿ ಮಾಂಸ ಒಣಗಿಸಿದ್ದೂ ಅದಕ್ಕೇ. ಶಿಬಿರದ ಸ್ಮೋಕರಿನ ಗುರಿ ರುಚಿ. ಮರದ ಲಿಗ್ನಿನ್ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಸಂಯುಕ್ತಗಳು ಹುಟ್ಟುತ್ತವೆ. ಹೊಗೆಯ ಪರಿಮಳ ಇವುಗಳದ್ದು. ಹೊಗೆ ತೆಳುವಾಗಿ ನೀಲಿ ಛಾಯೆಯಲ್ಲಿರಬೇಕು. ದಟ್ಟ ಬಿಳಿ ಹೊಗೆ ಕಹಿ ಬಳಿಯುತ್ತದೆ.

ಟೆಕ್ಸಾಸ್‌ನಲ್ಲಿ ತೈಲಬಾವಿಯ ಹಳೆಯ ಕೊಳವೆಗಳನ್ನು ಬೆಸೆದು ಮಾಡಿದ ಸ್ಮೋಕರುಗಳಲ್ಲಿ ಉರಿಗೆ ಒಂದು ಪೆಟ್ಟಿಗೆ, ಮಾಂಸಕ್ಕೆ ಪಕ್ಕದಲ್ಲಿ ಇನ್ನೊಂದು. ಒಳಗಿನ ಶಾಖ 105ರಿಂದ 125 ಡಿಗ್ರಿ. ದನದ ಎದೆಯ ಗಟ್ಟಿ ಮಾಂಸದಲ್ಲಿರುವ ಕೊಲಾಜನ್ ಕರಗಿ ಮೃದುವಾಗಲು ಹನ್ನೆರಡು ಗಂಟೆ ದಾಟುವುದುಂಟು. ನಡುವೆ, ಮಾಂಸದ ಒಳಗಿನ ಶಾಖ 65-70 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಂತುಬಿಡುತ್ತದೆ. ಮೈಮೇಲಿನ ತೇವ ಆವಿಯಾಗುತ್ತ, ಬೇಸಿಗೆಯ ಮಣ್ಣಿನ ಹೂಜಿಯಂತೆ ಅದನ್ನು ತಂಪಾಗಿಡುತ್ತದೆ. ಹೊಸಬರು ಈ ಹಂತದಲ್ಲಿ ಗಾಬರಿಬಿದ್ದು ಉರಿ ಹೆಚ್ಚಿಸಿ ಕೆಡಿಸುತ್ತಾರೆ. ಅನುಭವಿಗಳು ಕಾಗದದಲ್ಲಿ ಸುತ್ತಿ ಕಾಯುತ್ತಾರೆ.

ಇಂಥ ಸ್ಮೋಕರಿಗೆ ಟ್ರೇಲರ್ ಬೇಕು. ಶಿಬಿರಕ್ಕೆ ಒಯ್ಯಬಹುದಾದದ್ದು ನೆಟ್ಟಗೆ ನಿಲ್ಲುವ ನೀರಿನ ಸ್ಮೋಕರ್: ಕೆಳಗೆ ಕೆಂಡ, ನಡುವೆ ನೀರಿನ ತಟ್ಟೆ, ಮೇಲೆ ಜಾಲರಿ. ವೆಬರ್ 1981ರಲ್ಲಿ ತಂದ ಮಾದರಿ ಇದರಲ್ಲಿ ಹೆಸರುವಾಸಿ. 1980ರ ದಶಕದಲ್ಲಿ ಓರೆಗಾನ್‌ನ ಜೋ ಟ್ರೇಗರ್ ರೂಪಿಸಿದ ಮರದ ಗುಳಿಗೆಯ ಗ್ರಿಲ್ ತಾನೇ ಶಾಖ ನೋಡಿಕೊಳ್ಳುತ್ತದೆ, ಆದರೆ ವಿದ್ಯುತ್ ಬೇಡುತ್ತದೆ. ಬಿಡಾರದಲ್ಲಿ ಅದಕ್ಕಾಗಿ ಜನರೇಟರ್ ಗುಡುಗಿಸುವುದು ಪಕ್ಕದ ಡೇರೆಯವರಿಗೆ ಮಾಡುವ ಅನ್ಯಾಯ. ಎಲ್ಲಕ್ಕಿಂತ ಜಾಣ ಸಾಧನ ಸ್ವೀಡನ್, ಫಿನ್‌ಲ್ಯಾಂಡಿನ ಮೀನುಗಾರಿಕೆ ಹವ್ಯಾಸಿಗಳ ತಗಡಿನ ಪೆಟ್ಟಿಗೆ. ತಳದಲ್ಲಿ ಒಂದು ಹಿಡಿ ಆಲ್ಡರ್ ಮರದ ಪುಡಿ, ಮೇಲೆ ಜಾಲರಿ, ಅದರ ಮೇಲೆ ಆಗಷ್ಟೇ ಹಿಡಿದ ಮೀನು, ಪೆಟ್ಟಿಗೆಯ ಕೆಳಗೆ ಸ್ಪಿರಿಟ್ ಉರಿ. ಅರ್ಧ ಗಂಟೆಯೊಳಗೆ ಊಟ ಸಿದ್ಧ. ಪೈನ್ ಮುಂತಾದ ಅಂಟು ಮರ, ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ ಯಾವ ಸ್ಮೋಕರಿಗೂ ಸಲ್ಲದು. ನಮ್ಮಲ್ಲಿ ಸೀಬೆ, ಮಾವಿನ ಸೌದೆ ಹೊಂದುತ್ತದೆ. ಕಣಗಿಲೆ ವಿಷ, ಅದರ ಕಡ್ಡಿಯನ್ನು ಮಾಂಸ ಚುಚ್ಚಲೂ ಬಳಸಬಾರದು.

ಅಪಾಯ ಮತ್ತು ಕಾನೂನು

ಡೇರೆಯೊಳಗೆ ಯಾವ ಉರಿಯೂ ಅಪಾಯ, ಇದ್ದಿಲಂತೂ ಮಾರಕ. ಆರುತ್ತಿರುವ ಕೆಂಡವೂ ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಚಳಿಗೆಂದು ಗ್ರಿಲ್ಲನ್ನು ಒಳಗೆಳೆದುಕೊಂಡು ಮಲಗಿದವರು ಏಳುವುದಿಲ್ಲ. ಕೋಳಿಯ ಒಳಗಿನ ಶಾಖ 74 ಡಿಗ್ರಿ ಮುಟ್ಟಿತೇ ಎಂದು ಚುಚ್ಚು ಥರ್ಮಾಮೀಟರಿನಲ್ಲಿ ನೋಡುವುದು ಮೇಲು. ಹೊರಗಿನ ಬಣ್ಣ ನಂಬಲರ್ಹವಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೆಯ ವಿಧಿ ಅಭಯಾರಣ್ಯಕ್ಕೆ ಅಪಾಯ ತರುವಂತೆ ಬೆಂಕಿ ಹಚ್ಚುವುದನ್ನೂ ಉರಿಯುವ ಬೆಂಕಿ ಬಿಟ್ಟುಬರುವುದನ್ನೂ ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಅದು ಅನ್ವಯ. ಬೇಸಿಗೆಯಲ್ಲಿ ಒಣಗಿದ ಕುದುರೆಮುಖದ ಹುಲ್ಲುಗಾವಲಿನಲ್ಲಿ ಹಾರಿದ ಒಂದು ಕಿಡಿ ಏನು ಮಾಡೀತೆಂದು ಅರಣ್ಯ ಕಾವಲುಗಾರರನ್ನು ಕೇಳಬೇಕು. ನೇಪಾಳದ ಸಗರ್ಮಾತಾ ರಾಷ್ಟ್ರೀಯ ಉದ್ಯಾನ 1976ರಲ್ಲಿ ಸ್ಥಾಪನೆಯಾದ ಮೇಲೆ ಪರ್ವತಾರೋಹಿ ತಂಡಗಳು ಅಲ್ಲಿ ಸೌದೆ ಕಡಿಯುವಂತಿಲ್ಲ, ಇಂಧನವನ್ನು ತಾವೇ ಒಯ್ಯಬೇಕು. ವಿಮಾನದಲ್ಲಿ ಗ್ಯಾಸ್ ಡಬ್ಬಿ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಬೆಂಗಳೂರಿನಿಂದ ಹಾರುವವರು ಬರ್ನರನ್ನು ಮಾತ್ರ ಒಯ್ದು, ಡಬ್ಬಿಯನ್ನು ಲೇಹ್‌ನಲ್ಲೋ ಡೆಹ್ರಾಡೂನಿನಲ್ಲೋ ಕೊಳ್ಳುತ್ತಾರೆ. ತಿರುಪಿನ ಅಳತೆ ಎಲ್ಲ ಡಬ್ಬಿಗಳಲ್ಲೂ ಒಂದೇ ಅಲ್ಲದ್ದರಿಂದ, ಕೊಳ್ಳುವಾಗಲೇ ಬರ್ನರಿಗೆ ಕೂರಿಸಿ ನೋಡುವುದು ಕ್ಷೇಮ.